ಮುಳ್ಳೂರಿನ ಬಸದಿಗಳು ಮತ್ತು ಸಮಾಧಿಮರಣದ ವಿವೇಕ

ಕೊಡಗು ಎಂದೊಡನೆ ಸಾಮಾನ್ಯವಾಗಿ ನೆನಪಿಗೆ ಬರುವುದು ಕಾವೇರಿಯ ಉಗಮಸ್ಥಾನವಾದ ತಲಕಾವೇರಿ, ದಟ್ಟವಾದ ಮಲೆಗಳು, ಕಾಫಿ ಮತ್ತು ಏಲಕ್ಕಿಯ ತೋಟಗಳು, ಹಾಗೂ ರಣರಂಗದಲ್ಲಿ ಪ್ರಾಣವನ್ನು ತೃಣಸಮಾನವಾಗಿ ಎಣಿಸಿದ ವೀರರ ಪರಂಪರೆ. ಇದೇ ನಾಡಿನ ಉತ್ತರ ಭಾಗದಲ್ಲಿ, ಸೋಮವಾರಪೇಟೆ ತಾಲ್ಲೂಕಿನ ಶನಿವಾರಸಂತೆಯ ಸಮೀಪ, ಮುಳ್ಳೂರು ಎಂಬ ಗ್ರಾಮವಿದೆ. ಅಲ್ಲಿ ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ತೀರ್ಥಂಕರರ ಮೂರು ಬಸದಿಗಳು ಒಂದೇ ಆವರಣದಲ್ಲಿ ನಿಂತಿವೆ. ಖಡ್ಗ ಹಿಡಿದು ಮರಣವನ್ನು ಎದುರಿಸುವುದು ಒಂದು ಬಗೆಯ ವೀರವಾದರೆ, ಎಲ್ಲವನ್ನೂ ಕೈಬಿಟ್ಟು ಶಾಂತಚಿತ್ತದಿಂದ ಮರಣವನ್ನು ಬರಮಾಡಿಕೊಳ್ಳುವುದು ಇನ್ನೊಂದು ಬಗೆಯ ವೀರ. ಈ ಎರಡನೆಯ ವೀರದ ಸ್ಮರಣೆಯನ್ನು ಮುಳ್ಳೂರಿನ ಶಿಲೆಗಳು ಒಂಬತ್ತು ಶತಮಾನಗಳಿಗೂ ಮಿಗಿಲಾಗಿ ಕಾಪಾಡಿಕೊಂಡು ಬಂದಿವೆ.

ಹುಟ್ಟಿದವನಿಗೆ ಮರಣ ತಪ್ಪದು. ಇದನ್ನು ತಿಳಿಯಲು ಯಾವ ಶಾಸ್ತ್ರವೂ ಬೇಕಾಗಿಲ್ಲ. ಆದರೆ ಮರಣ ಸಮೀಪಿಸಿದಾಗ ಏನು ಮಾಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು, ನಿರ್ಧರಿಸತಕ್ಕವರು ಯಾರು ಎಂಬ ಪ್ರಶ್ನೆಗಳು ಬಹು ಕಠಿಣವಾದವು. ಈ ವಿಷಯದಲ್ಲಿ ಪೂರ್ವಜರು ಹೇಗೆ ನಡೆದುಕೊಂಡರು, ಅವರ ನಡತೆಯಿಂದ ಇಂದಿನ ಗೃಹಸ್ಥರು ಕಲಿಯಬೇಕಾದುದು ಏನು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಕೊಡಗಿನಲ್ಲಿ ಜಿನಧರ್ಮ

ಕೊಡಗಿನಲ್ಲಿ ಜಿನಧರ್ಮದ ನೆಲೆ ಬಹು ಪ್ರಾಚೀನವಾದುದು. ಈ ನಾಡಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು ಸಂಗ್ರಹಿಸಿ 1886ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಕ್ರಿ. ಶ. 888ರ ಬಿಳಿಯೂರು ಶಾಸನ ಒಂದು. ಗಂಗ ದೊರೆ ಪೆರ್ಮಾನಡಿಯು ಪೆಣ್ಣೆಗಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಸರ್ವನಂದಿದೇವರಿಗೆ ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ದತ್ತಿಯಾಗಿ ಬಿಟ್ಟ ಸಂಗತಿ ಅದರಲ್ಲಿದೆ. ಕ್ರಿ. ಶ. 977ರ ಪೆಗ್ಗೂರು ಶಾಸನವು ಗಂಗವಂಶದ ರಕ್ಕಸನ ಕಾಲದ್ದು. ಅಲ್ಲಿ ದಾನವನ್ನು ಪಡೆದವರು ಶ್ರೀ ಬೆಳ್ಗೊಳದ ಅನಂತವೀರ್ಯಯ್ಯ ಎಂಬ ಮುನಿಗಳು. ಕೊಡಗಿನ ಕಾಡುಗಳಿಗೂ ಶ್ರವಣಬೆಳ್ಗೊಳದ ಬೆಟ್ಟಗಳಿಗೂ ಅಂದೇ ನಿಕಟವಾದ ಧರ್ಮಸಂಬಂಧ ಇದ್ದಿತೆಂಬುದಕ್ಕೆ ಇದು ಸಾಕ್ಷಿ.

ಈ ಸಂಬಂಧವು ಮಹತ್ವದ್ದು. ಏಕೆಂದರೆ ಬೆಳ್ಗೊಳವು ಅಂದಿಗೆ ಸಮಾಧಿಮರಣದ ಮಹಾಕ್ಷೇತ್ರವಾಗಿದ್ದಿತು. ಅಲ್ಲಿಯ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು ಏಳನೆಯ ಶತಮಾನದಿಂದ ಮೊದಲ್ಗೊಂಡು ಮುನಿಗಳ, ಆರ್ಯಿಕೆಯರ, ಶ್ರಾವಕ ಶ್ರಾವಿಕೆಯರ ದೇಹತ್ಯಾಗದ ಸ್ಮರಣೆಗಳು ಕೆತ್ತಲ್ಪಟ್ಟಿವೆ. ಪೆಗ್ಗೂರು ಶಾಸನಕ್ಕೆ ಮೂರೇ ವರ್ಷ ಮೊದಲು, 974ರಲ್ಲಿ, ಅನೇಕ ಯುದ್ಧಗಳನ್ನು ಗೆದ್ದ ಗಂಗರಾಜ ಮಾರಸಿಂಹನು ರಾಜ್ಯಭಾರವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನು. 982ರಲ್ಲಿ ರಾಷ್ಟ್ರಕೂಟ ವಂಶದ ನಾಲ್ಕನೆಯ ಇಂದ್ರನು ಬೆಳ್ಗೊಳದಲ್ಲಿ ಅದೇ ಮಾರ್ಗವನ್ನು ಹಿಡಿದನು. ಜೀವನವೆಲ್ಲ ಯುದ್ಧದಲ್ಲಿ ಕಳೆದ ಅರಸರು ಅಂತ್ಯದಲ್ಲಿ ಆಯುಧವನ್ನು ಕೆಳಗಿಟ್ಟು ಗುರುವಿನ ಪಾದಮೂಲವನ್ನು ಅರಸಿ ಬಂದರೆಂಬುದು ಗಮನಾರ್ಹವಾದ ಸಂಗತಿ.

ಕೊಂಗಾಳ್ವರು, ಪೋಚಬ್ಬರಸಿ ಮತ್ತು ಗುಣಸೇನ ಪಂಡಿತರು

ಹನ್ನೊಂದನೆಯ ಶತಮಾನದ ಆರಂಭದಲ್ಲಿ ಗಂಗರ ರಾಜ್ಯ ಚೋಳರ ವಶವಾಯಿತು. ಪಣಸೋಗೆಯ ಯುದ್ಧದಲ್ಲಿ ಚಂಗಾಳ್ವರ ವಿರುದ್ಧ ಶೌರ್ಯವನ್ನು ಮೆರೆದ ಮನಿಜ ಎಂಬ ವೀರನಿಗೆ ಚೋಳ ಚಕ್ರವರ್ತಿ ರಾಜರಾಜನು ‘ಕ್ಷತ್ರಿಯಶಿಖಾಮಣಿ ಕೊಂಗಾಳ್ವ’ ಎಂಬ ಬಿರುದನ್ನೂ ಮಾಳವ್ವಿ ಗ್ರಾಮವನ್ನೂ ಕೊಟ್ಟನು. ಮಾಳವ್ವಿಯೆಂದರೆ ಇಂದಿನ ಮಾಲಂಬಿ. ಹೀಗೆ ಉದಯಿಸಿದ ಕೊಂಗಾಳ್ವ ವಂಶವು ಕೊಡಗಿನ ಉತ್ತರ ಭಾಗವನ್ನೂ ಅರಕಲಗೂಡು ಸೀಮೆಯನ್ನೂ ಆಳಿತು. ಒಡೆಯರಾದ ಚೋಳರು ಶೈವರಾಗಿದ್ದರೂ ಕೊಂಗಾಳ್ವರು ಜಿನಧರ್ಮದ ಆಶ್ರಯವನ್ನು ಬಿಡಲಿಲ್ಲ.

ಮುಳ್ಳೂರಿನ 1058ರ ಶಾಸನಗಳು ಈ ವಂಶದ ಭಕ್ತಿಯನ್ನು ಪ್ರಕಟಪಡಿಸುತ್ತವೆ. ತಂದೆಯು ಕಟ್ಟಿಸಿದ ಬಸದಿಗೆ ರಾಜೇಂದ್ರ ಕೊಂಗಾಳ್ವನು ಭೂಮಿಯನ್ನು ದತ್ತಿಯಾಗಿ ಕೊಟ್ಟನು. ಆತನ ತಾಯಿ ಪೋಚಬ್ಬರಸಿಯು ತಾನೂ ಬಸದಿಯೊಂದನ್ನು ನಿರ್ಮಿಸಿ, ಅದರಲ್ಲಿ ತನ್ನ ಗುರುಗಳಾದ ಗುಣಸೇನ ಪಂಡಿತರ ಮೂರ್ತಿಯನ್ನು ಇರಿಸಿದಳು. ಗುಣಸೇನ ಪಂಡಿತರು ಪುಷ್ಪಸೇನ ಸಿದ್ಧಾಂತದೇವರ ಶಿಷ್ಯರು. ದ್ರವಿಳ ಗಣ, ನಂದಿ ಸಂಘ, ಅರುಂಗಳಾನ್ವಯಕ್ಕೆ ಸೇರಿದವರು. ಆರು ವರ್ಷಗಳ ಅನಂತರ, ಶಕ ವರ್ಷ 986ರಲ್ಲಿ, ಎಂದರೆ ಕ್ರಿ. ಶ. 1064ರಲ್ಲಿ, ಅವರು ಈ ಲೋಕವನ್ನು ಬಿಟ್ಟರು. ಅದನ್ನು ತಿಳಿಸುವ ಶಾಸನವು ಬಹು ಚಿಕ್ಕದು. ಅದರಲ್ಲಿ ಶೋಕವಿಲ್ಲ, ವಿಲಾಪವಿಲ್ಲ. ಗುರುಪರಂಪರೆಯನ್ನು ಹೇಳಿ, ಮುನಿಗಳು ಮೋಕ್ಷಲಕ್ಷ್ಮಿಯ ನಿವಾಸಕ್ಕೆ ಸಂದರೆಂಬ ಭಾವದಲ್ಲಿ ಮುಗಿಯುತ್ತದೆ. ಯಾತ್ರಿಕನೊಬ್ಬನು ಊರು ಮುಟ್ಟಿದ ವಾರ್ತೆಯನ್ನು ಹೇಳುವಂತೆ ಆ ಶಿಲೆ ಮರಣವಾರ್ತೆಯನ್ನು ಹೇಳಿದೆ.

ಮುಳ್ಳೂರಿನ ಇನ್ನೊಂದು ಶಾಸನವನ್ನು ಇದರೊಡನೆ ಇಟ್ಟು ನೋಡಬೇಕು. ಇದೇ ಗುಣಸೇನ ಪಂಡಿತರು ಅಲ್ಲಿ ಧರ್ಮಕಾರ್ಯವಾಗಿ ನಾಗಬಾವಿಯೊಂದನ್ನು ಮಾಡಿಸಿದರೆಂದು ಅದು ತಿಳಿಸುತ್ತದೆ. ದೇಹದ ಮೇಲೆ ಮಮತೆಯನ್ನು ಬಿಟ್ಟ ಮುನಿಗೆ ಬಾವಿಯ ಚಿಂತೆ ಏಕೆ ಎಂದು ಕೆಲವರಿಗೆ ತೋರಬಹುದು. ಆದರೆ ವಿಚಾರಮಾಡಿದರೆ ಇದರಲ್ಲಿ ವಿರೋಧವಿಲ್ಲ. ತನ್ನ ದೇಹದ ವ್ಯಾಮೋಹವನ್ನು ಬಿಡುವುದು ಬೇರೆ, ಜೀವಿಗಳ ಬದುಕನ್ನು ಕೀಳೆಂದು ಕಾಣುವುದು ಬೇರೆ. ಮರಣವನ್ನು ನಿರ್ಭಯವಾಗಿ ಎದುರಿಸಿದವರು ಬದುಕನ್ನು ದ್ವೇಷಿಸಿದವರಲ್ಲ; ಬಾಯಾರಿದವರಿಗೆ ನೀರನ್ನು ಒದಗಿಸಿದವರು.

ಸಮೀಪದ ಮತ್ತೊಂದು ಶಿಲೆ

ಮುಳ್ಳೂರಿನ ದತ್ತಿಶಾಸನ ಹುಟ್ಟುವುದಕ್ಕೆ ಒಂದು ವರ್ಷ ಮೊದಲು, 1057ರಲ್ಲಿ, ಕೊಡಗಿಗೆ ಹೊಂದಿಕೊಂಡಿರುವ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ಇನ್ನೊಂದು ಶಿಲೆ ಎದ್ದಿತು. ಅದು ದೇಕಬ್ಬೆಯ ಸ್ಮಾರಕ. ಆಕೆ ನುಗುನಾಡಿನ ರವಿಗನ ಮಗಳು, ನವಿಲೆನಾಡಿನ ಏಚನ ಮಡದಿ. ಏಚನು ಒಂದು ಕೊಲೆಯ ಕಾರಣದಿಂದ ತಲಕಾಡಿನಲ್ಲಿ ಮರಣದಂಡನೆಗೆ ಗುರಿಯಾದನು. ವಾರ್ತೆಯನ್ನು ಕೇಳಿದ ದೇಕಬ್ಬೆಯು ಅಗ್ನಿಪ್ರವೇಶಕ್ಕೆ ನಿಶ್ಚಯಿಸಿದಳು. ತಂದೆ ತಾಯಿಗಳೂ ಬಂಧುಗಳೂ ತಡೆದರು, ಬೇಡಿಕೊಂಡರು. ಆಕೆ ಯಾರ ಮಾತನ್ನೂ ಕೇಳದೆ ಬೆಂಕಿಯನ್ನು ಹೊಕ್ಕಳು. ಶಾಸನದ ಕವಿ ಈ ಪ್ರಸಂಗವನ್ನು ಕರುಣಾರಸ ಉಕ್ಕುವಂತೆ ನಿರೂಪಿಸಿದ್ದಾನೆ.

ದೇಕಬ್ಬೆಯ ದುಃಖವನ್ನಾಗಲಿ ದೃಢತೆಯನ್ನಾಗಲಿ ಯಾರೂ ಅಲ್ಲಗಳೆಯಲಾರರು. ಆದರೆ ಅದು ಸಮಾಧಿಮರಣವಲ್ಲ. ಜೈನಾಚಾರ್ಯರು ಅಗ್ನಿಪ್ರವೇಶ, ಜಲಪ್ರವೇಶ, ಪರ್ವತದಿಂದ ಬೀಳುವುದು ಮುಂತಾದವುಗಳನ್ನು ಲೋಕಮೂಢತೆಯೆಂದೂ, ಆತ್ಮಘಾತವೆಂದೂ ನಿಷೇಧಿಸಿದ್ದಾರೆ. ಒಂದೇ ಕಾಲ, ಒಂದೇ ಸೀಮೆ, ಒಂದೇ ಭಾಷೆ. ಒಂದೆಡೆ ಉಕ್ಕಿಬಂದ ಶೋಕದಲ್ಲಿ ಒಂದು ದಿನದಲ್ಲಿ ಮುಗಿದುಹೋದ ಬಾಳು. ಇನ್ನೊಂದೆಡೆ ಬಾಳಿನುದ್ದಕ್ಕೂ ನಡೆದ ಸಿದ್ಧತೆಯ ಶಾಂತವಾದ ಮುಕ್ತಾಯ. ಇವೆರಡರ ನಡುವಿನ ಭೇದವನ್ನು ಅರಿಯದವರು ಸಲ್ಲೇಖನವನ್ನು ಆತ್ಮಹತ್ಯೆಯೆಂದು ಭ್ರಮಿಸುತ್ತಾರೆ. ಆ ಭೇದವನ್ನು ಅರಿಯದೆ ಅದನ್ನು ಹೊಗಳುವವರೂ ಅಷ್ಟೇ ತಪ್ಪು ಮಾಡುತ್ತಾರೆ.

ಶಾಸ್ತ್ರದ ನಿಬಂಧನೆಗಳು

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಸಲ್ಲೇಖನಕ್ಕೆ ನಾಲ್ಕು ಸಂದರ್ಭಗಳನ್ನು ಹೇಳುತ್ತದೆ: ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗ. ಇವುಗಳೊಡನೆ ಒಂದು ಮುಖ್ಯವಾದ ನಿಬಂಧನೆಯೂ ಇದೆ. ಬಂದೊದಗಿದ ಆಪತ್ತು ಪ್ರತೀಕಾರವಿಲ್ಲದ್ದಾಗಿರಬೇಕು. ಔಷಧದಿಂದ ಗುಣವಾಗುವ ರೋಗಕ್ಕೆ, ಕಾಲಕ್ರಮದಲ್ಲಿ ಕಳೆಯುವ ಕಷ್ಟಕ್ಕೆ ಇದು ಅನ್ವಯಿಸುವುದಿಲ್ಲ. ಸಾಲದ ಬಾಧೆ, ಅಪಮಾನ, ಪರೀಕ್ಷೆಯ ಸೋಲು, ಮನೆಯ ಜಗಳ ಇವಾವುವೂ ಈ ನಾಲ್ಕರೊಳಗೆ ಬರುವುದಿಲ್ಲ. ಅಂಥ ವೇಳೆಯಲ್ಲಿ ಮರಣವನ್ನು ಬಯಸುವವನಿಗೆ ಬೇಕಾದುದು ವ್ರತವಲ್ಲ. ಸಾಂತ್ವನ, ಚಿಕಿತ್ಸೆ ಮತ್ತು ಬಂಧುಗಳ ಆಸರೆ.

ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಈ ವಿಷಯಕ್ಕೆ ಕೊಟ್ಟಿರುವ ದೃಷ್ಟಾಂತವು ವ್ಯಾಪಾರಸ್ಥರ ಜೀವನದಿಂದಲೇ ಎತ್ತಿಕೊಂಡದ್ದು. ವರ್ತಕನು ನಾನಾ ಸರಕುಗಳನ್ನು ತನ್ನ ಮನೆಯಲ್ಲಿ ಸಂಗ್ರಹಿಸಿರುತ್ತಾನೆ. ಆ ಮನೆ ನಾಶವಾಗಲೆಂದು ಅವನು ಎಂದಿಗೂ ಬಯಸುವುದಿಲ್ಲ. ನಾಶಕ್ಕೆ ಕಾರಣ ಒದಗಿದರೆ ಶಕ್ತಿಮೀರಿ ಅದನ್ನು ತಡೆಯಲು ಯತ್ನಿಸುತ್ತಾನೆ. ತಡೆಯಲು ಸಾಧ್ಯವಾಗದೆ ಹೋದಾಗ ಸರಕನ್ನಾದರೂ ಉಳಿಸಿಕೊಳ್ಳುತ್ತಾನೆ. ಗೃಹಸ್ಥನಿಗೆ ದೇಹವು ಮನೆ, ವ್ರತಶೀಲಗಳು ಸರಕು. ಈ ದೃಷ್ಟಾಂತದ ಕ್ರಮವನ್ನು ಮರೆಯಬಾರದು. ಮೊದಲು ಬರುವುದು ಮನೆಯನ್ನು ಉಳಿಸುವ ಪ್ರಯತ್ನ. ಬೆಂಕಿ ಬೀಳುವ ಮೊದಲೇ ಮನೆಯನ್ನು ಬಿಟ್ಟು ಓಡುವವನು ವಿವೇಕಿಯಲ್ಲ; ಉರಿಯುವ ತೊಲೆಯನ್ನು ತಬ್ಬಿಕೊಂಡು ಸರಕನ್ನೂ ಕಳೆದುಕೊಳ್ಳುವವನೂ ವಿವೇಕಿಯಲ್ಲ.

‘ತತ್ತ್ವಾರ್ಥಸೂತ್ರ’ವು ಸಲ್ಲೇಖನದ ಐದು ಅತಿಚಾರಗಳನ್ನು ಹೆಸರಿಸಿದೆ. ಇನ್ನೂ ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಮಿತ್ರರ ಮೇಲಿನ ಅನುರಾಗ, ಹಿಂದೆ ಅನುಭವಿಸಿದ ಸುಖದ ಸ್ಮರಣೆ, ಮುಂದಿನ ಭೋಗದ ಬಯಕೆ—ಇವೇ ಆ ಐದು. ಇವುಗಳಲ್ಲಿ ಎರಡನೆಯದು ವಿಶೇಷವಾಗಿ ಮನನಯೋಗ್ಯ. ಸಾಯಬೇಕೆಂಬ ಆಸೆಯೇ ವ್ರತಕ್ಕೆ ದೋಷವೆಂದು ಸೂತ್ರಕಾರರು ಹೇಳಿದ್ದಾರೆ. ಹಾಗಾದ ಮೇಲೆ, ಸಾಯುವ ಆಸೆಯಿಂದಲೇ ಹುಟ್ಟುವ ಆತ್ಮಹತ್ಯೆಗೂ ಇದಕ್ಕೂ ಸಾಮ್ಯವೆಲ್ಲಿ? ಬದುಕಿಗೆ ಅಂಟಿಕೊಳ್ಳದಿರುವುದು, ಮರಣಕ್ಕೆ ಆತುರಪಡದಿರುವುದು—ಈ ಎರಡರ ಸಮತೋಲವೇ ಸಮಾಧಿಮರಣದ ಸಾರ.

ಗುರುವಿನ ನಿರಾಕರಣೆ

ಸಲ್ಲೇಖನದ ನಿಬಂಧನೆಗಳನ್ನು ಹೇಳಿದ ಸಮಂತಭದ್ರಾಚಾರ್ಯರ ಬಗೆಗೇ ಪರಂಪರೆಯಲ್ಲಿ ಒಂದು ಕಥೆ ಪ್ರಚಲಿತವಾಗಿದೆ. ಅವರಿಗೆ ಭಸ್ಮಕವ್ಯಾಧಿ ತಗುಲಿತು. ಎಷ್ಟು ಉಂಡರೂ ಹಸಿವು ಅಡಗದಂಥ ರೋಗವದು. ಮುನಿಯ ನಿಯಮದಲ್ಲಿದ್ದು ಆ ಹಸಿವನ್ನು ತಣಿಸುವುದು ಅಸಾಧ್ಯವಾಯಿತು. ವ್ರತಭಂಗಕ್ಕಿಂತ ದೇಹತ್ಯಾಗವೇ ಲೇಸೆಂದು ಬಗೆದು ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅನುಮತಿಯನ್ನು ಬೇಡಿದರು. ಗುರುಗಳು ಅನುಮತಿಯನ್ನು ಕೊಡಲಿಲ್ಲ. ಶಿಷ್ಯನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಇನ್ನೂ ಬಹಳವಿದೆಯೆಂದು ತಿಳಿದು, ದೀಕ್ಷೆಯನ್ನು ತಾತ್ಕಾಲಿಕವಾಗಿ ಬದಿಗಿರಿಸಿಯಾದರೂ ರೋಗವನ್ನು ಗುಣಪಡಿಸಿಕೊಳ್ಳುವಂತೆ ಆಜ್ಞಾಪಿಸಿದರು. ಸಮಂತಭದ್ರರು ಹಾಗೆಯೇ ಮಾಡಿ, ಆರೋಗ್ಯವನ್ನು ಪಡೆದು, ಮತ್ತೆ ದೀಕ್ಷೆಯನ್ನು ಧರಿಸಿದರು.

ಇದು ಐತಿಹಾಸಿಕ ದಾಖಲೆಯಲ್ಲ, ಪರಂಪರೆಯ ಕಥೆ. ಆದರೂ ಇದರ ತಾತ್ಪರ್ಯ ಘನವಾದುದು. ಮಹಾಜ್ಞಾನಿಯಾದ ಮುನಿಯೂ ತನ್ನ ಮರಣದ ವಿಷಯದಲ್ಲಿ ತಾನೊಬ್ಬನೇ ತೀರ್ಮಾನಿಸುವಂತಿಲ್ಲ. ರಾಗದ್ವೇಷಗಳಿಲ್ಲದ ಮತ್ತೊಬ್ಬರ ಪರಿಶೀಲನೆ ಬೇಕು. ಬೇಡವೆಂದು ಹೇಳುವ ಧೈರ್ಯ ಗುರುವಿಗಿರಬೇಕು. ಅದನ್ನು ಒಪ್ಪುವ ವಿನಯ ಶಿಷ್ಯನಿಗಿರಬೇಕು. ಆ ಗುರುಗಳು ಅಂದು ಅನುಮತಿಯನ್ನು ಕೊಟ್ಟಿದ್ದರೆ ಲೋಕವು ಎಂಥ ಆಚಾರ್ಯರನ್ನು, ಎಂಥ ಕೃತಿಗಳನ್ನು ಕಳೆದುಕೊಳ್ಳುತ್ತಿದ್ದಿತೆಂಬುದನ್ನು ಊಹಿಸಬಹುದು.

ಮಾಚಿಕಬ್ಬೆಯ ಉದಾಹರಣೆ

ಎಲ್ಲ ಪ್ರಸಂಗಗಳೂ ಇಷ್ಟು ಸುಲಭವಾಗಿ ಇತ್ಯರ್ಥವಾಗುವುದಿಲ್ಲ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲಾದೇವಿಯು 1131ರಲ್ಲಿ ಶಿವಗಂಗೆಯಲ್ಲಿ ದೇಹವನ್ನು ಬಿಟ್ಟಳು. ಮಗಳ ಅಗಲಿಕೆಯಿಂದ ಬಾಳಿನ ಆಸೆ ತೀರಿದ ತಾಯಿ ಮಾಚಿಕಬ್ಬೆಯು ಬೆಳ್ಗೊಳಕ್ಕೆ ಬಂದು, ಬಂಧುಗಳಿಂದ ಬೀಳ್ಕೊಂಡು, ಗುರುಗಳ ಸನ್ನಿಧಿಯಲ್ಲಿ ಸನ್ಯಸನವನ್ನು ಕೈಕೊಂಡು, ಒಂದು ತಿಂಗಳ ಉಪವಾಸದಿಂದ ಸಮಾಧಿಯನ್ನು ಹೊಂದಿದಳು. ಬೆಳ್ಗೊಳದ ಶಾಸನವು ಇದನ್ನು ಪೂಜ್ಯಭಾವದಿಂದ ವರ್ಣಿಸಿದೆ.

ಇಲ್ಲಿ ವಿಚಾರಶೀಲನಾದ ಶ್ರಾವಕನಿಗೆ ಸಂದೇಹವೊಂದು ಏಳುವುದು ಸಹಜ. ಪುತ್ರೀಶೋಕವು ಶಾಸ್ತ್ರವು ಹೇಳಿದ ನಾಲ್ಕು ಸಂದರ್ಭಗಳಲ್ಲಿ ಸೇರಿಲ್ಲ. ಹಾಗಾದರೆ ಇದು ಶೋಕದ ಮರಣವೋ ಸಮಾಧಿಮರಣವೋ? ದೇಕಬ್ಬೆಗೂ ಮಾಚಿಕಬ್ಬೆಗೂ ಏನು ವ್ಯತ್ಯಾಸ? ಆರಂಭದಲ್ಲಿ ಇಬ್ಬರನ್ನೂ ನೂಕಿದ್ದು ಪ್ರಿಯರ ವಿಯೋಗವೇ ಎಂಬುದನ್ನು ಒಪ್ಪಬೇಕಾಗುತ್ತದೆ. ಆದರೆ ಬೆಂಕಿಗೆ ಹಾರಿದವಳಿಗೆ ಹಿಂದಿರುಗುವ ದಾರಿಯಿಲ್ಲ. ಮಾಚಿಕಬ್ಬೆಗೆ ಒಂದು ತಿಂಗಳ ಕಾಲವಿದ್ದಿತು. ಪ್ರತಿದಿನವೂ ಗುರುಗಳ ಕಣ್ಣೆದುರಿನಲ್ಲಿ, ಪ್ರತಿದಿನವೂ ಪಂಚನಮಸ್ಕಾರದ ಜಪದಲ್ಲಿ ಆ ಶೋಕ ಶೋಧನೆಗೊಂಡಿತು. ಶೋಕವಾಗಿ ಮೊದಲಾದುದು ವೈರಾಗ್ಯವಾಗಿ ಮುಗಿದಿರಬೇಕೆಂದು ಶಾಸನವನ್ನು ಓದಿದವರಿಗೆ ತೋರುತ್ತದೆ. ಆದರೂ ಅದನ್ನು ಎಲ್ಲ ದುಃಖಿತರಿಗೂ ಮೇಲ್ಪಂಕ್ತಿಯೆಂದು ಹೇಳುವುದು ಸರಿಯಲ್ಲ. ಪೂರ್ವಜರನ್ನು ಗೌರವಿಸುವುದೆಂದರೆ ಅವರ ಕಠಿಣ ಪ್ರಸಂಗಗಳನ್ನು ಸುಲಭವೆಂದು ಬಣ್ಣಿಸುವುದಲ್ಲ.

ಏಕಾಂಗಿಯ ಮರಣವಲ್ಲ

ಕನ್ನಡದ ಅತ್ಯಂತ ಪ್ರಾಚೀನ ಗದ್ಯಕೃತಿಯಾದ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳ ವಸ್ತುವು ಉಪಸರ್ಗಗಳ ನಡುವೆ ಸಮಾಧಿಯನ್ನು ಸಾಧಿಸಿದ ಮಹಾಪುರುಷರ ಜೀವನವೇ ಆಗಿದೆ. ಅದಕ್ಕೆ ಮೂಲಾಧಾರವೆನಿಸಿದ ಶಿವಾರ್ಯರ ‘ಭಗವತೀ ಆರಾಧನೆ’ಯು ಸಲ್ಲೇಖನದ ವಿಧಾನವನ್ನು ಬಹು ಸೂಕ್ಷ್ಮವಾಗಿ ನಿರೂಪಿಸಿದೆ. ಸಮಾಧಿಯನ್ನು ಕೈಕೊಂಡ ಕ್ಷಪಕನ ಸೇವೆಗೆ 48 ಮಂದಿ ನಿರ್ಯಾಪಕರು ಇರಬೇಕೆಂದು ಅದು ವಿಧಿಸುತ್ತದೆ. ಕೆಲವರು ಮೈ ಒತ್ತುವುದಕ್ಕೆ, ಕೆಲವರು ಧರ್ಮವನ್ನು ಬೋಧಿಸುವುದಕ್ಕೆ, ಕೆಲವರು ಆಹಾರಪಾನಗಳ ವ್ಯವಸ್ಥೆಗೆ, ಕೆಲವರು ರಾತ್ರಿ ಎಚ್ಚರವಾಗಿರುವುದಕ್ಕೆ. ಕಾಲ ಕೆಟ್ಟಿದ್ದರೆ ಸಂಖ್ಯೆ ಕಡಮೆಯಾಗಬಹುದು. ಆದರೂ ಇಬ್ಬರಿಗಿಂತ ಕಡಮೆ ಇರಕೂಡದು.

ಆಹಾರವನ್ನು ಬಿಡುವ ಕ್ರಮವೂ ನಿಧಾನವಾದುದು. ಮೊದಲು ಘನಾಹಾರ, ಬಳಿಕ ಹಾಲು ಮುಂತಾದವು, ಅನಂತರ ಮಜ್ಜಿಗೆ ಗಂಜಿ, ಕಡೆಗೆ ಬಿಸಿನೀರು. ಇವೆಲ್ಲಕ್ಕೂ ಮೊದಲು ಮಾಡಬೇಕಾದ ಕಾರ್ಯ ಒಂದಿದೆ. ಸ್ನೇಹ, ವೈರ, ಪರಿಗ್ರಹಗಳನ್ನು ಬಿಟ್ಟು, ಸ್ವಜನರಿಗೂ ಪರಿಜನರಿಗೂ ಕ್ಷಮೆಯನ್ನು ನೀಡಿ, ಅವರಿಂದ ಪ್ರಿಯವಾದ ಮಾತುಗಳಿಂದ ಕ್ಷಮೆಯನ್ನು ಪಡೆಯಬೇಕು. ಪರಿಜನರೆಂದರೆ ಮನೆಯ ಆಳುಕಾಳುಗಳೂ ಸೇರಿದರು. ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದ ಆಳಿನ ಕೈಹಿಡಿದು ಕ್ಷಮೆಯನ್ನು ಕೇಳುವುದು ಎಷ್ಟೋ ಮಂದಿ ಯಜಮಾನರಿಗೆ ಅನ್ನವನ್ನು ಬಿಡುವುದಕ್ಕಿಂತ ಕಠಿಣವಾದೀತು. ಆದರೆ ಶಾಸ್ತ್ರವು ಅದನ್ನೇ ಮೊದಲ ಮೆಟ್ಟಿಲಾಗಿ ಇಟ್ಟಿದೆ.

ಇತ್ತೀಚಿನ ಕಾಲ

ಈ ಪರಂಪರೆ ಶಿಲೆಗಳಲ್ಲಿ ಮಾತ್ರ ಉಳಿದಿಲ್ಲ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಪರಿಸರದಲ್ಲಿ 1872ರಲ್ಲಿ ಜನಿಸಿದ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ, 36 ದಿನಗಳ ಸಲ್ಲೇಖನದ ಅನಂತರ ಸಮಾಧಿಸ್ಥರಾದರು. ಅವರ ನಿರ್ಧಾರಕ್ಕೆ ಕಾರಣ ದೃಷ್ಟಿ ಕುಂದಿದುದು. ಕಣ್ಣು ಕಾಣದ ಮುನಿಯು ನಡೆಯುವಾಗ ನೆಲದ ಜೀವಿಗಳನ್ನು ರಕ್ಷಿಸಲಾರನು, ಈರ್ಯಾಸಮಿತಿ ಉಳಿಯದು. ಚಿಕ್ಕ ಜೀವಿಗಳಿಗೆ ತಮ್ಮಿಂದ ಹಿಂಸೆಯಾಗಬಾರದೆಂಬ ಕಾರಣಕ್ಕೆ ಅವರು ದೇಹದ ಮಮತೆಯನ್ನು ಬಿಟ್ಟರು. ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ ಬೆಳೆದ ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರು ಆಚಾರ್ಯ ಪದವಿಯನ್ನು ಮೊದಲು ತ್ಯಜಿಸಿ, 2024ರ ಫೆಬ್ರವರಿ 18ರಂದು ಛತ್ತೀಸ್‌ಗಢದ ಡೋಂಗರಗಢದಲ್ಲಿ ಸಮಾಧಿಯನ್ನು ಹೊಂದಿದರು.

ನ್ಯಾಯಾಲಯಗಳ ಮುಂದೆಯೂ ಈ ವಿಷಯ ಬಂದಿತು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮಾನವೆಂದು ತೀರ್ಪಿತ್ತಿತು. ದೇಶದಾದ್ಯಂತ ಜೈನರು ಮೌನ ಮೆರವಣಿಗೆಗಳನ್ನು ನಡೆಸಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆಯನ್ನು ನೀಡಿತು. ಆ ವಿವಾದದಲ್ಲಿ ವಿರೋಧಿಗಳು ಎತ್ತಿದ ಒಂದು ಆಕ್ಷೇಪವನ್ನು ಮಾತ್ರ ಜೈನ ಸಮಾಜವು ಲಘುವಾಗಿ ಕಾಣಬಾರದು. ವೃದ್ಧರನ್ನು, ವಿಶೇಷವಾಗಿ ವಿಧವೆಯರನ್ನು, ಮನೆಯವರು ಈ ಮಾರ್ಗಕ್ಕೆ ನೂಕಬಹುದಲ್ಲವೇ ಎಂಬುದೇ ಆ ಆಕ್ಷೇಪ. ಇದಕ್ಕೆ ಉತ್ತರ ಶಾಸ್ತ್ರದಲ್ಲೇ ಇದೆ. ಬಲಾತ್ಕಾರದಿಂದ ಸಲ್ಲೇಖನವನ್ನು ಮಾಡಿಸಕೂಡದು, ಒಳಗಿನ ಪ್ರೀತಿಯಿಂದ ತಾನಾಗಿಯೇ ಸೇವಿಸತಕ್ಕದ್ದೆಂದು ಪೂಜ್ಯಪಾದರು ಸ್ಪಷ್ಟಪಡಿಸಿದ್ದಾರೆ. ಆಸ್ತಿಯ ಆಸೆಯಿಂದಲೋ, ಸೇವೆಯ ಬೇಸರದಿಂದಲೋ, ಊರಿನ ಹೊಗಳಿಕೆಗೋ ಮುದುಕಿಯೊಬ್ಬಳ ಎದುರಿನ ತಟ್ಟೆಯನ್ನು ಸರಿಸುವುದು ಹಿಂಸೆಯಲ್ಲದೆ ಮತ್ತೇನೂ ಅಲ್ಲ.

ಆಸ್ಪತ್ರೆಯ ಕೊಠಡಿಯಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗ ಎಂಬ ದಾದಿಯು 1973ರ ನವೆಂಬರಿನಲ್ಲಿ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಕ್ರೂರವಾದ ಹಲ್ಲೆಗೆ ಒಳಗಾಗಿ ಪ್ರಜ್ಞಾಶೂನ್ಯಳಂತಾದಳು. ಆಕೆಯನ್ನು ಜೀವಂತವಾಗಿಡುವುದನ್ನು ನಿಲ್ಲಿಸಬೇಕೆಂಬ ಕೋರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು 2011ರ ಮಾರ್ಚ್ 7ರಂದು ತಿರಸ್ಕರಿಸಿತು. ಆಸ್ಪತ್ರೆಯ ದಾದಿಯರೇ ಅದನ್ನು ವಿರೋಧಿಸಿದ್ದರು. ರಕ್ತಸಂಬಂಧವಿಲ್ಲದ ಆ ದಾದಿಯರು, ಒಂದು ತಲೆಮಾರು ನಿವೃತ್ತವಾದ ಮೇಲೆ ಮತ್ತೊಂದು ತಲೆಮಾರು, 2015ರ ಮೇ 18ರಂದು ಆಕೆ ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ ನಲವತ್ತೊಂದು ವರ್ಷಗಳಿಗೂ ಹೆಚ್ಚು ಕಾಲ ಆಕೆಯನ್ನು ಸಲಹಿದರು. ಜೈನ ಪರಿಭಾಷೆಯಲ್ಲಿ ಇದರ ಹೆಸರು ವೈಯಾವೃತ್ತ್ಯ. ಆಕೆಯ ಇಚ್ಛೆಯನ್ನು ತಿಳಿಯುವ ದಾರಿಯೇ ಇರಲಿಲ್ಲ. ಇಚ್ಛೆ ತಿಳಿಯದಿರುವಲ್ಲಿ ಸೇವೆಯೊಂದೇ ಧರ್ಮವೆಂದು ಆ ದಾದಿಯರು ಆಚರಿಸಿ ತೋರಿಸಿದರು.

2018ರ ಮಾರ್ಚ್ 9ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗೌರವದಿಂದ ಮರಣ ಹೊಂದುವ ಹಕ್ಕನ್ನು ಮಾನ್ಯಮಾಡಿತು. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಯಂತ್ರಗಳ ಮೂಲಕ ಆಯುಸ್ಸನ್ನು ಎಳೆಯುವುದು ಬೇಡವೆಂದು ವ್ಯಕ್ತಿಯು ಮೊದಲೇ ಬರೆದಿಡಲು ಅವಕಾಶವಾಯಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಲಾಯಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಇದನ್ನು ಆಸ್ಪತ್ರೆಗಳಲ್ಲಿ ಜಾರಿಗೊಳಿಸಲು ಆದೇಶ ಹೊರಡಿಸಿತು. ವೈದ್ಯರ ಎರಡು ಮಂಡಲಿಗಳು ಪರಿಶೀಲಿಸಿ ಒಪ್ಪಬೇಕೆಂಬುದು ಇದರ ನಿಯಮ. ಇದು ಸಲ್ಲೇಖನವಲ್ಲ, ವ್ರತವೂ ಅಲ್ಲ. ಆದರೆ ರೋಗವು ಪ್ರತೀಕಾರವಿಲ್ಲದ್ದೆಂದು ನಿಶ್ಚಯವಾಗಬೇಕು, ನಿರ್ಧಾರವು ಒಬ್ಬರ ಆವೇಗದಿಂದ ಆಗಬಾರದು, ರೋಗಿಯ ಸ್ವಂತ ಇಚ್ಛೆ ಮುಖ್ಯವಾಗಬೇಕು ಎಂಬ ಮೂರು ವಿಷಯಗಳಲ್ಲಿ ಇಂದಿನ ಕಾನೂನು ಪ್ರಾಚೀನ ಆಚಾರ್ಯರ ಎಚ್ಚರಿಕೆಯನ್ನೇ ಹೋಲುತ್ತದೆ.

ಗೃಹಸ್ಥರ ಕರ್ತವ್ಯ

ಸಲ್ಲೇಖನವು ಎಲ್ಲರಿಗೂ ಸಾಧ್ಯವಾಗುವುದಲ್ಲ. ಆದರೆ ಅದರ ಹಿಂದಿನ ವಿವೇಕ ಪ್ರತಿಯೊಂದು ಮನೆಗೂ ಅವಶ್ಯಕ. ಮುಪ್ಪಿನಲ್ಲಿರುವ ತಂದೆತಾಯಿಗಳೊಡನೆ ಅವರ ಕಡೆಯ ದಿನಗಳ ಇಚ್ಛೆಯನ್ನು ಕುರಿತು ಮಾತನಾಡುವುದು ಅಮಂಗಳವೆಂದು ಎಣಿಸುವವರೇ ಹೆಚ್ಚು. ಅವರು ಪ್ರಜ್ಞೆ ತಪ್ಪಿದ ಮೇಲೆ ಮಕ್ಕಳು ಆಸ್ಪತ್ರೆಯ ಹೊರಗೆ ನಿಂತು, ಒಬ್ಬನು ಯಂತ್ರ ಬೇಕೆಂದೂ ಇನ್ನೊಬ್ಬನು ಬೇಡವೆಂದೂ ವಾದಿಸುವುದು ಅದಕ್ಕಿಂತ ಅಮಂಗಳವಲ್ಲವೇ? ಲೆಕ್ಕಪತ್ರಗಳನ್ನು ವರ್ಷ ತುಂಬುವ ಮೊದಲೇ ಸರಿಪಡಿಸುವ ವರ್ತಕ ಸಮಾಜವು ಈ ಲೆಕ್ಕವನ್ನು ಮಾತ್ರ ಕಡೆಯ ಗಳಿಗೆಗೆ ಬಿಡುವುದು ಸರಿಯಲ್ಲ. ಗುಣವಾಗುವ ರೋಗಕ್ಕೆ ಖರ್ಚಿನ ಭಯದಿಂದ ಚಿಕಿತ್ಸೆಯನ್ನು ನಿಲ್ಲಿಸುವುದು ಅಧರ್ಮ. ಗುಣವಾಗದ ರೋಗದಲ್ಲಿ, ರೋಗಿಯ ಇಚ್ಛೆಯನ್ನು ಮೀರಿ, ಲೋಕಾಪವಾದದ ಭಯದಿಂದ ನೋವನ್ನು ಬೆಳೆಸುವುದೂ ಕರುಣೆಯಲ್ಲ. ಈ ಎರಡರ ನಡುವೆ ನಡೆಯುವಾಗ ವೈದ್ಯರ ತಿಳಿವಳಿಕೆ, ಗುರುಹಿರಿಯರ ಸಲಹೆ, ಸರ್ವೋಪರಿಯಾಗಿ ರೋಗಿಯ ಮಾತು—ಇವೇ ಆಧಾರ.

ಮುಳ್ಳೂರಿನ ಚಂದ್ರನಾಥ ಬಸದಿಯು ಕಾಲಕ್ರಮದಲ್ಲಿ ಜೀರ್ಣವಾಗಿ, 1390ರಲ್ಲಿ ಮತ್ತೆ ಕಟ್ಟಲ್ಪಟ್ಟಿತು. ಆ ವೇಳೆಗೆ ಗುಣಸೇನ ಪಂಡಿತರು ಸಂದು ಮೂರು ಶತಮಾನಗಳು ಕಳೆದಿದ್ದವು. ಕಲ್ಲಿನ ಬಸದಿಯನ್ನು ಹೀಗೆ ಜೀರ್ಣೋದ್ಧಾರ ಮಾಡಬಹುದು. ದೇಹವೆಂಬ ಬಸದಿಗೆ ಒಂದು ಮಿತಿಯ ಆಚೆಗೆ ಜೀರ್ಣೋದ್ಧಾರವಿಲ್ಲ. ಆ ಮಿತಿ ಬರುವವರೆಗೆ ಅದನ್ನು ಶ್ರದ್ಧೆಯಿಂದ ಕಾಪಾಡುವುದು, ಬಂದಾಗ ಭಯವಿಲ್ಲದೆ, ಆತುರವಿಲ್ಲದೆ, ಎಲ್ಲರನ್ನೂ ಕ್ಷಮಿಸಿ ಎಲ್ಲರಿಂದ ಕ್ಷಮೆ ಪಡೆದು ಬೀಳ್ಕೊಳ್ಳುವುದು—ಇದೇ ಪೂರ್ವಜರು ಬಿಟ್ಟುಹೋದ ಮಾರ್ಗ. ಪ್ರತಿಷ್ಠಾ ಮಹೋತ್ಸವಕ್ಕೆ ಆಗಮಿಸಿದ ಧರ್ಮಬಂಧುಗಳು ಜಿನಬಿಂಬದ ದರ್ಶನ ಮಾಡುವಾಗ ಈ ಮಾರ್ಗವನ್ನೂ ಮನಸ್ಸಿನಲ್ಲಿ ಪ್ರತಿಷ್ಠಾಪಿಸಿಕೊಂಡರೆ ಉತ್ಸವವು ಸಾರ್ಥಕವಾದೀತು. ಸರ್ವ ಜೀವಿಗಳಿಗೂ ಮಂಗಳವಾಗಲಿ.